ಮೋನಪ್ಪನವರ ಹನ್ನೆರಡನೆಯ ಷರಾ

ಭಾಂಡುಪ್ ಸ್ಟೇಶನ್ನಿನಿಂದ ಪಶ್ಚಿಮಕ್ಕೆ ಹನ್ನೆರಡು ನಿಮಿಷ ನಡೆದರೆ ಸಿಗುವ ಕನ್ನಡಿಗರ ಮಂಡಳಿಯ ಕಾಲೇಜಿನಲ್ಲಿ ಮೋನಪ್ಪನವರ ಮೇಜನ್ನು ಹುಡುಕುವುದು ಬಹಳ ಸುಲಭ. ಆಫೀಸಿನ ಒಂಬತ್ತು ಮೇಜುಗಳಲ್ಲಿ ಯಾವುದರ ಮೇಲೆ ಕಂಪ್ಯೂಟರ್ ಇಲ್ಲವೋ ಅದೇ ಅವರದು. ಕಾಲೇಜಿಗೆ ಬರಲಿರುವ ಪ್ರತಿಯೊಂದು ಯಂತ್ರವನ್ನೂ ಮೊದಲು ನೋಡಿ, ಬೇಕೋ ಬೇಡವೋ ಎಂದು ಬರೆದುಕೊಡಬೇಕಾದ ಮನುಷ್ಯನ ಮೇಜು ಅದು. ಅದರ ಮೇಲಿದ್ದ ಕಂಪ್ಯೂಟರನ್ನು ನಾಲ್ಕು ವರ್ಷಗಳ ಹಿಂದೆ ‘ಎರಡು ದಿನದ ಮಟ್ಟಿಗೆ’ ಎಂದು ಪ್ರಿನ್ಸಿಪಾಲರ ಕೋಣೆಗೆ ಒಯ್ದಿದ್ದರು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಅವರ ಹುದ್ದೆ ಹೆಡ್ ಕ್ಲಾರ್ಕ್. ಅದರ ಹೆಗಲೇರಿ ಬಂದ ಇನ್ನೊಂದು ಹುದ್ದೆಯಿತ್ತು: ತಂತ್ರಜ್ಞಾನ ಯೋಜನೆಗಳ ಪೂರ್ವಪರಿಶೀಲನಾ ಸಮಿತಿಯ ಸದಸ್ಯ ಕಾರ್ಯದರ್ಶಿ. ಯಾವುದೇ ತಾಂತ್ರಿಕ ಯೋಜನೆಗೆ ಮಂಜೂರಾತಿ ಕೊಡುವ ಮೊದಲು ಒಂದು ಸಮಿತಿ ಅದನ್ನು ತೂಗಿ ನೋಡತಕ್ಕದ್ದು ಎಂದು ಮೇಲಿನಿಂದ ಯಾವಾಗಲೋ ಒಂದು ಸುತ್ತೋಲೆ ಬಂದಿತ್ತು. ಸಮಿತಿಯಲ್ಲಿ ಐವರು. ಒಬ್ಬರು ನಿವೃತ್ತರಾದರು. ಒಬ್ಬರು ಬೇರೆ ಕಾಲೇಜಿಗೆ ಹೋದರು. ಒಬ್ಬರಿಗೆ ತಾವು ಸಮಿತಿಯಲ್ಲಿರುವುದು ಇಂದಿಗೂ ಗೊತ್ತಿಲ್ಲ. ಅಧ್ಯಕ್ಷರು ಪ್ರಿನ್ಸಿಪಾಲರು, ಅವರಿಗೆ ಯಾವ ಯಂತ್ರವೂ ಬೇಡವೆನಿಸಿದ್ದಿಲ್ಲ. ಉಳಿದವರು ಮೋನಪ್ಪನವರು.

ಸಮಿತಿಗೆಂದು ಅವರೇ ಕೂತು ಹದಿನಾಲ್ಕು ಪ್ರಶ್ನೆಗಳ ಒಂದು ಫಾರ್ಮ್ ತಯಾರಿಸಿದ್ದರು. ಇದನ್ನು ಬೇಕೆಂದು ಕೇಳಿದವರು ಯಾರು? ಈಗ ಈ ಕೆಲಸ ಹೇಗೆ ನಡೆಯುತ್ತಿದೆ, ಅದರಲ್ಲಿ ತೊಂದರೆಯೇನು? ಹಾಳಾದರೆ ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ? ವಿದ್ಯಾರ್ಥಿಗಳ ವಿವರಗಳು ಯಾರ ಕೈಗೆ ಹೋಗುತ್ತವೆ? ಒಂಬತ್ತನೆಯ ಪ್ರಶ್ನೆ, ಈಗ ಈ ಕೆಲಸ ಮಾಡುತ್ತಿರುವವರು ಮುಂದೆ ಏನು ಮಾಡುತ್ತಾರೆ? ಹದಿನಾಲ್ಕನೆಯದು ಪ್ರಶ್ನೆಯಲ್ಲ, ಒಂದು ಖಾಲಿ ಜಾಗ: ಇತರೆ ಷರಾ.

ಪ್ರಶ್ನೆಗಳು ಅವರವು, ಪರೀಕ್ಷೆಯ ಕ್ರಮ ಮಾತ್ರ ಗ್ರಾಂಟ್ ರೋಡಿನದು. ಕಾಪು ಕಡೆಯಿಂದ ಬಂದ ಮೋನಪ್ಪ ರಾತ್ರಿ ಕಾಲೇಜಿನಲ್ಲಿ ಓದುತ್ತ ಆರು ವರ್ಷ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಬಿಲ್ಲು ಬರೆದವರು. ಅಲ್ಲಿಯ ಧಣಿಗಳದ್ದೊಂದು ಕಟ್ಟಳೆಯಿತ್ತು. ಹೊಸ ತಿಂಡಿ ಯಾವುದೇ ಇರಲಿ, ಮೊದಲು ಮೂರು ದಿನ ಅದನ್ನು ಪಾತ್ರೆ ತೊಳೆಯುವವರಿಗೆ ಬಡಿಸಬೇಕು. ಅದೂ ಮಧ್ಯಾಹ್ನದ ರಶ್ಶಿನಲ್ಲಿ, ಭಟ್ಟರಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ ಮಾಡಿದ್ದನ್ನು. ಮೂರು ದಿನ ಅವರು ಮುಖ ಸಿಂಡರಿಸದೆ ತಿಂದರೆ ಮಾತ್ರ ಗಿರಾಕಿಗಳು ನೋಡುವ ಬೋರ್ಡಿನ ಮೇಲೆ ಅದರ ಹೆಸರು. ಮೋನಪ್ಪನವರು ಕಾಲೇಜಿನ ಯಂತ್ರಗಳಿಗೂ ಅದನ್ನೇ ಅನ್ವಯಿಸಿದರು. ಮೂರು ದಿನ, ರಶ್ಶಿನ ಹೊತ್ತು, ಮೊದಲು ಗುಡಿಸುವವರು. ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಮೋನಪ್ಪ ಟೆಸ್ಟ್’ ಎಂದು ಹೆಸರು; ಆ ಹೆಸರನ್ನು ನಗದೆ ಹೇಳಿದವರನ್ನು ಅವರು ಕಂಡಿರಲಿಲ್ಲ.

ಹೀಗೆ ಪರೀಕ್ಷಿಸಿ ಅವರು ಹನ್ನೊಂದು ಯೋಜನೆಗಳಿಗೆ ‘ಶಿಫಾರಸು ಮಾಡಲಾಗುವುದಿಲ್ಲ’ ಎಂದು ಬರೆದರು. ಹನ್ನೊಂದೂ ಬಂದವು. ಭಾಷಾ ಪ್ರಯೋಗಾಲಯದ ಹೆಡ್‌ಫೋನುಗಳು ಬಂದವು. ಈಗ ಅವು ನೇತಾಡುವ ಮೊಳೆಗಳ ಮೇಲೆ ಮಳೆಗಾಲದಲ್ಲಿ ಕೊಡೆಗಳೂ ನೇತಾಡುತ್ತವೆ. ಒಂದೇ ಮೆಟ್ಟಿಲಿನ ಮೂರು ಮಹಡಿಯ ಕಟ್ಟಡಕ್ಕೆ ದಾರಿ ತೋರಿಸಲು ಒಂದು ಟಚ್ ಸ್ಕ್ರೀನ್ ಬಂತು. ‘ನೀವು ಇಲ್ಲಿದ್ದೀರಿ’ ಎಂದು ಅದು ಏಳು ತಿಂಗಳು ಹೇಳಿತು, ಆಮೇಲೆ ಸುಮ್ಮನಾಯಿತು. ಈಗ ಅದರ ಮೇಲೆ ಕ್ಯಾಂಟೀನಿನವರ ಟ್ರೇಗಳಿವೆ. ಸ್ಮಾರ್ಟ್ ಬೋರ್ಡ್ ಬಂದ ಮೊದಲ ದಿನವೇ ಮರಾಠಿ ಪ್ರಾಧ್ಯಾಪಕರು ಅಳಿಸಲಾಗದ ಪೆನ್ನಿನಿಂದ ಅದರ ಮೇಲೆ ಒಂದು ಕವಿತೆಯ ಸಾರಾಂಶ ಬರೆದರು. ಅದನ್ನೇ ಓದಿ ಆರು ಬ್ಯಾಚುಗಳು ಪಾಸಾಗಿವೆ. ಹಾಗೆ ನೋಡಿದರೆ ಉಪಯೋಗಕ್ಕೆ ಬಂದ ಯಂತ್ರ ಅದೊಂದೇ.

ತಮ್ಮ ಹನ್ನೊಂದು ನೋಟುಗಳ ಪ್ರತಿಗಳನ್ನು ಮೋನಪ್ಪನವರು ಒಂದು ಹಸಿರು ಫೈಲಿನಲ್ಲಿ ಜೋಪಾನವಾಗಿಟ್ಟಿದ್ದರು. ಎಂದಾದರೂ ಯಾರಾದರೂ ಬಂದು, ಈ ಕಾಲೇಜಿನಲ್ಲಿ ಖರೆ ಹೇಳಿದವನು ಯಾರಪ್ಪಾ ಎಂದು ಕೇಳಿದರೆ ಥಟ್ಟನೆ ಎತ್ತಿ ಕೊಡಬೇಕು. ಇದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ಫೈಲಿಗೆ ಪ್ರತಿ ಶನಿವಾರ ಅವರೇ ಧೂಳು ಹೊಡೆಯುತ್ತಿದ್ದರು.

ಹನ್ನೆರಡನೆಯ ಯೋಜನೆ ಡಿಸೆಂಬರಿನಲ್ಲಿ ಬಂತು. ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ. ಜೊತೆಗೆ ತಿರುಗುವ ಕಬ್ಬಿಣದ ಗೇಟು. ಯಂತ್ರ ಗುರುತಿಸಿದರೆ ಗೇಟು ತಿರುಗುತ್ತದೆ, ‘ಥ್ಯಾಂಕ್ ಯೂ’ ಎನ್ನುತ್ತದೆ. ಗುರುತಿಸದಿದ್ದರೆ ‘ಸಾರಿ’ ಎನ್ನುತ್ತದೆ. ಬೆಳಗಿನ ಏಳೂ ಹತ್ತಕ್ಕೆ ಮೊದಲ ತರಗತಿ. ಏಳೂ ಇಪ್ಪತ್ತಾದ ಮೇಲೆ ಯಾರ ಮುಖವೇ ಇರಲಿ, ಸಾರಿ.

ಮೋನಪ್ಪನವರು ಕನ್ನಡಕ ಏರಿಸಿ ನೇರವಾಗಿ ಒಂಬತ್ತನೆಯ ಪ್ರಶ್ನೆಗೆ ಹೋದರು. ಪ್ರಿನ್ಸಿಪಾಲರ ಕೈಯಕ್ಷರದಲ್ಲಿ ಉತ್ತರವಿತ್ತು: ‘ಗೇಟಿನ ಕಾಂಟ್ರ್ಯಾಕ್ಟ್ ಸಿಬ್ಬಂದಿಯ ಒಂದು ಹುದ್ದೆ ಮಾರ್ಚಿನಿಂದ ಬೇಕಾಗುವುದಿಲ್ಲ.’

ಆ ಒಂದು ಹುದ್ದೆಯ ಹೆಸರು ಹಾಜಿಮಲಂಗ. ಗುಳೇದಗುಡ್ಡದ ಕಡೆಯವನು, ಕಳವಾದಿಂದ ಬೆಳಗಿನ ಮೊದಲ ಲೋಕಲ್‌ಗಳಲ್ಲೊಂದನ್ನು ಹಿಡಿದು ಬಂದು ಆರೂವರೆಗೆ ಗೇಟು ತೆರೆಯುವವನು. ಹದಿಮೂರು ವರ್ಷಗಳಿಂದ ಪ್ರತಿ ಮಾರ್ಚಿನಲ್ಲಿ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು, ಪ್ರತಿ ಏಪ್ರಿಲಿನಲ್ಲಿ ಹೊಸದಾಗಿ ಹುಟ್ಟುತ್ತಿತ್ತು. ಐಡಿ ಕಾರ್ಡು ನೋಡಿ ಒಳಗೆ ಬಿಡುವುದು, ತಡವಾದವರನ್ನು ಲೇಟ್ ಬುಕ್ಕಿನಲ್ಲಿ ಬರೆಯುವುದು ಅವನ ಕೆಲಸ. ಅವನು ಕಾರ್ಡು ನೋಡಿದ್ದನ್ನು ಯಾರೂ ಕಂಡಿಲ್ಲ. ಸಾವಿರದ ನಾಲ್ಕುನೂರು ಮುಖಗಳು ಅವನ ತಲೆಯಲ್ಲಿದ್ದವು. ಯಾವ ಮುಖ ಯಾವ ಗಾಡಿಯಲ್ಲಿ ಬರುತ್ತದೆ ಎಂಬುದೂ ಇತ್ತು. ಅವನ ಮಗಳು ಗುಲಾಫಶಾ ಇದೇ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು, ಸಿಬ್ಬಂದಿಯ ಮಕ್ಕಳಿಗೆಂದು ಇಟ್ಟ ಸೀಟು. ಅಪ್ಪ ಸಿಬ್ಬಂದಿಯಾಗಿರುವವರೆಗೆ ಅವಳ ಸೀಟು.

ಪ್ರಿನ್ಸಿಪಾಲ್ ಡಾ. ಧನರಾಜ್ ಅವರ ಹಿರಿಯರು ಮುಲ್ಕಿಯವರು. ಅವರು ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲಿಯೇ. ಕನ್ನಡವನ್ನು ಅವರು ಮಂಡಳಿಯ ಹಿರಿಯರೊಡನೆಯೂ ಮೋನಪ್ಪನವರೊಡನೆಯೂ ಮಾತ್ರ ಬಳಸುತ್ತಿದ್ದರು, ಅದೂ ಬೇರೆ ಭಾಷೆಗಳ ಆಸರೆಯಿಂದ.

“ಮೋನಪ್ಪನವರೇ, ಫೆಬ್ರವರಿಯಲ್ಲಿ ಇನ್‌ಸ್ಪೆಕ್ಷನ್ ಟೀಮ್ ಬರ್ತದೆ. ಗೇಟಲ್ಲೇ ಫಸ್ಟ್ ಇಂಪ್ರೆಶನ್. ಅವರು ಒಳಗೆ ಬರುವಾಗ ಮಶೀನ್ ಥ್ಯಾಂಕ್ ಯೂ ಹೇಳ್ಬೇಕು. ಬಸ್.”

“ಅವರ ಮುಖ ಅದರಲ್ಲಿ ಇರುವುದಿಲ್ಲವಲ್ಲ ಸರ್. ಅವರಿಗೆ ಸಾರಿ ಹೇಳ್ತದೆ.”

ಧನರಾಜರು ಫಾರ್ಮನ್ನು ಅವರತ್ತ ತಳ್ಳಿದರು. “ಅದೆಲ್ಲ ಡಿಟೇಲ್ಸ್. ನೀವು ನೋಟ್ ಕೊಡಿ. ಮತ್ತೆ ಆ ನಿಮ್ಮ ಟೆಸ್ಟ್ ವೆಸ್ಟ್ ಬೇಡ.”

“ಟೆಸ್ಟ್ ಇಲ್ಲದೆ ನೋಟ್ ಇಲ್ಲ ಸರ್. ಮೂರು ದಿನ.”

“ಅರೇ ಬಾಬಾ, ಟೆಸ್ಟ್ ಮಾಡ್ಲಿಕ್ಕೆ ಮೊದಲು ಎಲ್ಲರ ಮುಖ ಅದರಲ್ಲಿ ಹಾಕ್ಬೇಕಲ್ಲ? ಸಾವಿರದ ನಾಲ್ಕುನೂರು ಜನ ಒಂದೇ ದಿನ ಕಾಲೇಜಿಗೆ ಯಾವಾಗ ಬಂದದ್ದುಂಟು?”

ಇಲ್ಲಿ ಮೋನಪ್ಪನವರಿಗೆ ಒಂದು ಹೊಳಹು ಹೊಳೆಯಿತು. ಇಪ್ಪತ್ತೇಳು ವರ್ಷದ ಅನುಭವದಿಂದ ಮಾತ್ರ ಹೊಳೆಯಬಹುದಾದಂಥದು ಎಂದು ಅವರಿಗೆ ಅನಿಸಿತು. ವರ್ಷದಲ್ಲಿ ಒಬ್ಬರೂ ತಪ್ಪಿಸದೆ ಬರುವ ದಿನ ಒಂದಿದೆ. ಪರೀಕ್ಷೆಗೆ ಬಾರದವರೂ ಅಂದು ಬರುತ್ತಾರೆ.

“ಬರುವ ಶನಿವಾರ ಟ್ರೆಡಿಷನಲ್ ಡೇ ಉಂಟಲ್ಲ ಸರ್,” ಎಂದರು. “ಅವತ್ತೇ ತೆಗೆದುಬಿಡುವ.”

“ವಾಹ್!” ಎಂದರು ಧನರಾಜ್. ಇಪ್ಪತ್ತೇಳು ವರ್ಷಗಳಲ್ಲಿ ಮೋನಪ್ಪನವರ ಒಂದು ಸಲಹೆಗೂ ಆ ಕೋಣೆಯಲ್ಲಿ ವಾಹ್ ಎಂದವರಿರಲಿಲ್ಲ. ಆ ವಾಹ್ ಕಿವಿಯಲ್ಲಿ ಮೊಳಗುತ್ತಿದ್ದುದರಿಂದ ಸಲಹೆಯನ್ನು ಇನ್ನೊಮ್ಮೆ ತಿರುಗಿಸಿ ನೋಡುವುದು ಅವರಿಗೂ ಮರೆತುಹೋಯಿತು.

ಮರುದಿನ ಚಹಾದ ಹೊತ್ತಿಗೆ ಹಾಜಿಮಲಂಗ ಮೇಜಿನ ಹತ್ತಿರ ಬಂದು ನಿಂತ.

“ಏನ್ರಿ ಸಾಹೇಬ್ರ, ನನ್ನ ಫೈಲ್ ನಿಮ್ಮ ಟೇಬಲ್ ಮ್ಯಾಲ ಬಂದೈತಂತ?”

“ನಿನ್ನದಲ್ಲ ಮಾರಾಯ. ಮಶೀನಿದ್ದು.”

“ಒಂದರಾಗ ಎರಡೂ ಅದಾವಂತಲ್ರಿ.”

ಮೋನಪ್ಪನವರು ಅರ್ಧ ಚಹಾವನ್ನು ಸಾಸರಿಗೆ ಬಗ್ಗಿಸಿ ಅವನತ್ತ ಕಪ್ಪು ಸರಿಸಿದರು. ಅವನು ನಿಂತೇ ಕುಡಿದ.

“ಮಲಂಗ್ ಭಾಯ್, ನಾನು ಬೇಡ ಅಂತ ಬರೆದರೆ ಎಂತ ಆಗ್ತದೆ ಅಂತ ನಿನಗೆ ಗೊತ್ತುಂಟಲ್ಲ?”

“ಹನ್ನೊಂದು ಸಲ ನೋಡೇನ್ರಿ. ಎಲ್ಲಾ ಗೇಟಿನಾಗಿಂದನ ಒಳಗ ಬಂದಾವು. ನಾನ ಇಳಿಸ್ಕೊಂಡೇನಿ.” ಅವನು ಕಪ್ಪನ್ನು ಮೆಲ್ಲಗೆ ಇಟ್ಟ. “ನನಗ ಏನೂ ಮಾಡ್ರಿ ಅನ್ನಾಂಗಿಲ್ರಿ. ಗುಲಾಫಶಾಂದು ಇನ್ನ ಒಂದೂವರಿ ವರ್ಷ ಐತಿ, ಅದೊಂದು. ನೀವು ಖರೇ ಏನೈತಿ ಅದನ್ನ ಬರೀರಿ. ಯಾವಾಗ್ಲೂ ಬರಿತೀರಲ್ಲ, ಹಂಗ.”

ಕೇಳಿಕೊಂಡಿದ್ದರೆ ಆಗುವುದಿಲ್ಲ ಎಂದು ಸಿಡುಕಬಹುದಿತ್ತು. ಕೇಳಿಕೊಳ್ಳದವನಿಗೆ ಏನೆಂದು ಸಿಡುಕುವುದು? ಮೋನಪ್ಪನವರು ಆ ದಿನವಿಡೀ ಯಾರ ಮೇಲೂ ಸಿಡುಕಲಾಗದೆ ಸುಸ್ತಾದರು.

ಶನಿವಾರ ಬಂತು. ಸಾವಿರದ ನಾಲ್ಕುನೂರು ಜನರೂ ಬಂದರು. ಒಂಬತ್ತು ಗಜದ ಸೀರೆಯುಟ್ಟ ಹುಡುಗಿಯರು ಮೂಗಿನಿಂದ ತುಟಿಯವರೆಗೆ ಇಳಿಬಿದ್ದ ಮುತ್ತಿನ ನತ್ತಿಟ್ಟು, ಕಣ್ಣಿಗೆ ಕಪ್ಪು ಗಾಗಲ್ ಏರಿಸಿದ್ದರು. ಹುಡುಗರು ಕೇಸರಿ ಫೇಟಾ ಸುತ್ತಿ, ಮೀಸೆಯಿಲ್ಲದವರು ಅಂಟಿನ ಮೀಸೆ ಹಚ್ಚಿಕೊಂಡಿದ್ದರು. ಧನರಾಜರು ಶೇರ್ವಾನಿಯ ಮೇಲೆ ಮುತ್ತಿನ ಹಾರ ಹಾಕಿ, ರಾಜಸ್ಥಾನಿ ಪಗಡಿ ಇಟ್ಟು, ಯಾವ ಪ್ರಾಂತದವರೆಂದು ಯಾರಿಗೂ ಹೇಳಲಾಗದಂತೆ ಬಂದಿದ್ದರು. ಮಂಡಳಿಯ ಕಪಾಟಿನಲ್ಲಿ ಅತಿಥಿಗಳ ಸನ್ಮಾನಕ್ಕೆಂದು ಇಟ್ಟಿದ್ದ ಮೈಸೂರು ಪೇಟವನ್ನು ಯಾರೋ ಮೋನಪ್ಪನವರ ತಲೆಗೂ ಇಟ್ಟರು. ಅವರು ಬೇಡ ಬೇಡ ಎನ್ನುತ್ತಲೇ ಅದನ್ನು ಸ್ವಲ್ಪ ಎಡಕ್ಕೆ ವಾಲಿಸಿಕೊಂಡರು. ಯಂತ್ರದ ಕಂಪೆನಿಯವರು ಕೊಟ್ಟುಹೋದ ಟ್ಯಾಬ್ಲೆಟ್ಟು ಹಿಡಿದು ನಾಲ್ವರು ಗುಮಾಸ್ತರು ಸಂಜೆಯವರೆಗೆ ಮುಖಗಳನ್ನು ತುಂಬಿದರು. “ಒಂದೇ ದಿನದಲ್ಲಿ ನೂರಕ್ಕೆ ನೂರು!” ಎಂದು ಧನರಾಜರು ಮಂಡಳಿಗೆ ಫೋನು ಮಾಡಿದರು. ಫೋನಿನಲ್ಲಿ ಮೋನಪ್ಪನವರ ಹೆಸರೂ ಒಮ್ಮೆ ಬಂತು.

ಸೋಮವಾರ ಆರೂವರೆಗೆ ಕಟ್ಟಳೆಯಂತೆ ಮೊದಲು ಗುಡಿಸುವವರು. ಕಂಪೆನಿಯ ಬಾಂದ್ರಾ ಆಫೀಸಿನಿಂದ ಯಕ್ಷಿತಾ ಎಂಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. ಪಕ್ಕದ ಸಣ್ಣ ಗೇಟಿನ ಕೀಲಿ ಹಿಡಿದು ಹಾಜಿಮಲಂಗ ನಿಂತಿದ್ದ. ಹದಿನೈದು ವರ್ಷಗಳಿಂದ ವರಾಂಡ ಗುಡಿಸುವ ರುದ್ರವ್ವ ಸೆರಗು ಸರಿಮಾಡಿಕೊಂಡು ಯಂತ್ರದ ಮುಂದೆ ನಿಂತಳು. “ಥ್ಯಾಂಕ್ ಯೂ,” ಎಂದಿತು ಯಂತ್ರ. ಗೇಟು ತಿರುಗಿತು.

“ಅಯ್ಯ, ನನ್ನ ಗುರ್ತ ಹಿಡೀತಲ್ರಿ!” ಎಂದಳು ರುದ್ರವ್ವ. “ಹದಿನೈದು ವರ್ಷದಾಗ ಪ್ರಿನ್ಸಿಪಾಲ್ ಸಾಹೇಬ್ರು ಒಮ್ಮೆರೆ ಹಿಡಿದಿದ್ದಿಲ್ಲ.”

ಗುಡಿಸುವವರು, ಪ್ಯೂನರು, ನೀರಿನವನು, ಎಲ್ಲರಿಗೂ ಥ್ಯಾಂಕ್ ಯೂ. ಯಂತ್ರ ಒಳ್ಳೆಯದೇ ಇದೆ. ಹಾಜಿಮಲಂಗನ ಮುಖ ನೋಡಲಾಗದೆ ಮೋನಪ್ಪನವರು ಗೇಟಿನ ಮೊಳೆಗಳನ್ನು ಎಣಿಸಿದರು.

ಆರೂ ಐವತ್ತಕ್ಕೆ ವಿದ್ಯಾರ್ಥಿಗಳ ಮೊದಲ ಹಿಂಡು ಬಂತು. “ಸಾರಿ,” ಎಂದಿತು ಯಂತ್ರ. “ಸಾರಿ. ಸಾರಿ. ಸಾರಿ.” ಜೀನ್ಸು, ಟೀಶರ್ಟು, ನಿದ್ದೆಗಣ್ಣು. ಶನಿವಾರದ ಮಹಾರಾಣಿಯರೂ ಸರದಾರರೂ ಇವರೇ ಎಂದು ಅದಕ್ಕೆ ನಂಬಿಕೆ ಬರಲೊಲ್ಲದು. ಸಾಲು ರಸ್ತೆ ದಾಟಿ ರಿಕ್ಷಾ ಸ್ಟ್ಯಾಂಡಿನವರೆಗೆ ಹೋಯಿತು. ಏಳೂ ಕಾಲಿಗೆ ಧನರಾಜರೇ ಬಂದು, ಸಾಲನ್ನು ಸೀಳಿಕೊಂಡು ಯಂತ್ರದ ಮುಂದೆ ಎದೆಯುಬ್ಬಿಸಿ ನಿಂತರು.

“ಸಾರಿ,” ಎಂದಿತು ಯಂತ್ರ. “ಪ್ಲೀಸ್ ಕಾಂಟ್ಯಾಕ್ಟ್ ಯುವರ್ ಡಿಪಾರ್ಟ್‌ಮೆಂಟ್.”

ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಹಾಜಿಮಲಂಗ ಸಣ್ಣ ಗೇಟಿನ ಕೀಲಿ ತಿರುಗಿಸಿ, “ಬರ್ರಿ ಸಾಹೇಬ್ರ, ಹಿಂಗ ಬರ್ರಿ,” ಎಂದ. ಹಿಂದೆ ಸಾವಿರ ಮಂದಿ ಹಾಗೆಯೇ ಬಂದರು.

ಮೋನಪ್ಪನವರು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು. ಮೊದಲ ದಿನವೇ ಮಣ್ಣುಮುಕ್ಕಿದ ಯಂತ್ರ! ಇನ್ನು ನೋಟು ಬರೆಯುವುದಷ್ಟೇ. ಅಷ್ಟರಲ್ಲಿ ಯಕ್ಷಿತಾ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು. ಪರದೆಯ ತುಂಬ ನತ್ತು, ಮೀಸೆ, ಫೇಟಾ, ಕಪ್ಪು ಗಾಗಲ್ಲು. ಮೂಲೆಯಲ್ಲಿ, ಪೇಟ ವಾಲಿಸಿಕೊಂಡ ಒಬ್ಬ ದಿವಾನರು.

“ಸರ್, ಇದು... ಇದು ಮಶೀನ್‌ದು ತಪ್ಪು ಅಲ್ಲ,” ಎಂದಳು, ಕನ್ನಡವನ್ನು ಒಂದೊಂದೇ ಮೆಟ್ಟಿಲು ಹತ್ತುವವಳಂತೆ. “ಕಣ್ಣೇ ಕಾಣುದಿಲ್ಲ, ಗಾಗಲ್ ಉಂಟು. ಸ್ವೀಪರ್ಸ್ ಮಾತ್ರ ನಾರ್ಮಲ್ ಡ್ರೆಸ್‌ನಲ್ಲಿ ಇದ್ರು. ಸೋ ಅವರದ್ದು ಆಯ್ತು. ಈ ಐಡಿಯಾ... ಯಾರು ಕೊಟ್ಟದ್ದು ಸರ್?”

ಮೋನಪ್ಪನವರು ಪರದೆಯ ದಿವಾನರನ್ನೇ ನೋಡುತ್ತ ನಿಂತರು. ಹಬ್ಬದ ದಿನ ಗುಡಿಸುವವರಿಗೆ ಹಬ್ಬವಿರಲಿಲ್ಲ, ಇನ್ನಷ್ಟು ಕಸವಿತ್ತು. ಅದಕ್ಕೇ ಅವರು ಅವರಾಗಿಯೇ ಉಳಿದಿದ್ದರು.

“ನಾನೇ ಕೊಟ್ಟದ್ದಮ್ಮ,” ಎಂದರು.

ಯಂತ್ರ ಸೋತಿತೆಂದು ಬರೆದುಬಿಡಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ಹಸಿರು ಫೈಲಿನ ಹನ್ನೊಂದು ನೋಟುಗಳಲ್ಲಿ ಒಂದು ಸುಳ್ಳೂ ಇರಲಿಲ್ಲ. ಆ ಫೈಲಿನಲ್ಲಿದ್ದ ಸೊತ್ತು ಅದೊಂದೇ. ಹಾಜಿಮಲಂಗನೇ ಖರೇ ಬರೀರಿ ಎಂದಿದ್ದ. ಮಂಗಳವಾರ ಪ್ರಯೋಗ ನಿಲ್ಲಿಸಿ, ಮೋನಪ್ಪನವರೇ ಟ್ಯಾಬ್ಲೆಟ್ಟು ಹಿಡಿದು ತರಗತಿಯಿಂದ ತರಗತಿಗೆ ಅಲೆದು, ಎಲ್ಲರ ಮಾಮೂಲಿ ಮುಖಗಳನ್ನು ಮತ್ತೆ ತುಂಬಿದರು. ಮೊಣಕಾಲು ಹಿಡಿದುಕೊಂಡಿತು. ಎರಡನೆಯ ವರ್ಷದ ಬಿ.ಎಸ್ಸಿ.ಯಲ್ಲಿ ಗುಲಾಫಶಾಳ ಸರದಿ ಬಂದಾಗ, “ಅಂಕಲ್, ಠೀಕ್ ಸೆ ಆಯಾ?” ಎಂದು ಅವಳು ಬಗ್ಗಿ ನೋಡಿದಳು. ಬಹಳ ಚೆನ್ನಾಗಿ ಬಂದಿತ್ತು.

ಬುಧವಾರ ಯಂತ್ರ ಸಾವಿರದ ಮುನ್ನೂರ ತೊಂಬತ್ತು ಚಿಲ್ಲರೆ ಜನಕ್ಕೆ ಥ್ಯಾಂಕ್ ಯೂ ಹೇಳಿತು. ಹಾಜಿಮಲಂಗ ಕೀಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಹದಿಮೂರು ವರ್ಷಗಳಲ್ಲಿ ಅವನಿಗೆ ಕೆಲಸವಿಲ್ಲದ್ದನ್ನು ಮೋನಪ್ಪನವರು ನೋಡಿದ್ದು ಅಂದೇ.

ಗುರುವಾರ ಬೆಳಿಗ್ಗೆ ದಿವಾ ಸ್ಟೇಶನ್ನಿನ ಆಚೆ ಎಲ್ಲಿಯೋ ಗಾಡಿಗಳು ನಿಂತವು. ಮುಂಬ್ರಾ, ಕಳವಾ, ಡೊಂಬಿವಲಿಯ ಮಕ್ಕಳೆಲ್ಲ ಏಳೂ ಇಪ್ಪತ್ತೈದರ ಮೇಲೆ ಬೆವರಿಳಿಸಿಕೊಂಡು ಓಡಿಬಂದರು. ಯಂತ್ರಕ್ಕೆ ಒಬ್ಬೊಬ್ಬರ ಗುರುತೂ ಸಿಕ್ಕಿತು, ಒಬ್ಬೊಬ್ಬರಿಗೂ ಹೆಸರು ಹಿಡಿದು ಸಾರಿ ಹೇಳಿತು. ಇನ್ನೂರ ಹದಿನೇಳು ಮಂದಿ ಬೀದಿಯಲ್ಲಿ. ಹತ್ತು ಗಂಟೆಗೆ ಒಂದು ಪ್ರ್ಯಾಕ್ಟಿಕಲ್ ಪರೀಕ್ಷೆ ಬೇರೆ ಇತ್ತು.

“ನೀವ್ಯಾಕ ನಿಂತೀರಿ, ಹೋಗ್ರಿ ಒಳಗ,” ಎಂದು ಹಾಜಿಮಲಂಗ ಸಣ್ಣ ಗೇಟು ತೆರೆದ. ಒಬ್ಬನ ಅಂಗಿ ಹಿಡಿದು ಎಳೆದು ಈಚೆ ನಿಲ್ಲಿಸಿದ. “ನೀ ಎಲ್ಲಿ ಹೊಂಟಿ? ನೀನು ಮುಲುಂಡಿನವ, ಈಚಿ ಕಡಿಯವ. ಮುಲುಂಡಿಗೇನಾಗೇತಿ ಧಾಡಿ? ನಡಿ, ಲೇಟ್ ಬುಕ್ಕಿನಾಗ ಹೆಸರು ಬರಿ.”

ಆ ಹುಡುಗ ತಲೆ ಕೆರೆದುಕೊಂಡು ಬರೆದ. ಯಕ್ಷಿತಾ ಲ್ಯಾಪ್‌ಟಾಪ್ ಮುಚ್ಚಿ, ಅವನನ್ನೇ ನೋಡುತ್ತಿದ್ದಳು. “ಈ ಫೀಚರ್ ನಮ್ಮದ್ರಲ್ಲಿ ಇಲ್ಲ ಸರ್,” ಎಂದಳು.

ಮೂರು ದಿನ ಮುಗಿದವು. ನೋಟು ಶುಕ್ರವಾರ ಕೊಡಬೇಕು. ಸಂಜೆ ಮೋನಪ್ಪನವರು ಮನೆಗೆ ಬಂದು, ಕಾಲು ಚಾಚಿ, ಬರೆಯಲಿರುವ ವಾಕ್ಯವನ್ನು ಗಟ್ಟಿಯಾಗಿ ಹೇಳಿಕೊಂಡರು: “ಶಿಫಾರಸು ಮಾಡಲಾಗುವುದಿಲ್ಲ.” ಬುಧವಾರ ಕೆಲಸ ಮಾಡಿದ ಯಂತ್ರಕ್ಕೆ ಆ ವಾಕ್ಯ ಪೂರ್ತಿ ಖರೆಯೂ ಆಗಿರಲಿಲ್ಲ.

ಹೆಂಡತಿ ವಿನೋದಿನಿ ಬಸಳೆ ಸೋಸುತ್ತಿದ್ದರು. ಮನೆಯ ಮಾತು ತುಳು; ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ನೀವು ಬೇಡ ಅಂದದ್ದರಲ್ಲಿ ಬಾರದೆ ಉಳಿದದ್ದು ಯಾವುದು ಹೇಳಿ ನೋಡುವ.”

“ಯಾವುದೂ ಇಲ್ಲ. ಆದರೆ ಹೇಳುವುದು ನನ್ನ ಧರ್ಮ.”

“ಧರ್ಮ ನಿಮ್ಮದು, ಮನೆಗೆ ಹೋಗುವುದು ಮಲಂಗ್ ಭಾಯ್.” ವಿನೋದಿನಿ ಒಂದು ದಂಟನ್ನು ಲಟಕ್ಕನೆ ಮುರಿದರು. “ನಿಮ್ಮ ಅಮ್ಮ ಇಲ್ಲಿಗೆ ಬಂದಾಗ ನಾನು ಒಂದು ದಿನವಾದರೂ ಆಗುವುದಿಲ್ಲ ಅಂದದ್ದುಂಟಾ? ಆಯ್ತತ್ತೆ ಅಂತಿದ್ದೆ. ಮೀನು ಇದೇ ಪಾತ್ರೆಯಲ್ಲಿ ಮಾಡು ಅಂದರೆ, ಆಯ್ತತ್ತೆ, ಆದರೆ ತೊಳೆಯಲಿಕ್ಕೆ ನೀವೇ ಆಗಬೇಕು, ನಿಮ್ಮಷ್ಟು ಚಂದ ನನಗೆ ಬರುವುದಿಲ್ಲ. ಎರಡು ದಿನ ತೊಳೆದರು. ಮತ್ತೆ ನನ್ನ ಪಾತ್ರೆಯ ಸುದ್ದಿಗೆ ಬರಲಿಲ್ಲ.”

“ನೀನು ಅಮ್ಮನನ್ನು ಹಾಗೆಲ್ಲ—”

“ಆಗ ನಿಮಗೆ ಗೊತ್ತಾಗಲಿಲ್ಲ, ಈಗ ಯಾಕೆ?”

ಮೋನಪ್ಪನವರ ಕಣ್ಣ ಮುಂದೆ ಮಂಡಳಿಯ ಆದೇಶಗಳು ಬಂದು ನಿಂತಿದ್ದವು. ಬೇಡವೆಂದ ನೋಟಿನ ಮೇಲೆ ಮಂಡಳಿ ಏನು ಬರೆಯುತ್ತದೆ? ‘ಕಾರ್ಯದರ್ಶಿಯವರ ಅಭಿಪ್ರಾಯವನ್ನು ಗಮನಿಸಲಾಗಿದೆ’, ಅಷ್ಟೇ. ಒಳಗೆ ಏನಿತ್ತೆಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಬೇಕೆಂದ ನೋಟಿನ ಮೇಲೆ? ‘ಶಿಫಾರಸಿನಲ್ಲಿ ಕಾಣಿಸಿದ ಷರತ್ತುಗಳ ಸಹಿತ ಮಂಜೂರು’ ಎಂದು ಬರೆದು, ಷರತ್ತುಗಳನ್ನು ಯಾರೂ ಓದದೆ, ಕಾಗುಣಿತದ ತಪ್ಪುಗಳ ಸಮೇತ ಆದೇಶಕ್ಕೆ ಇಳಿಸುತ್ತಾರೆ. ಕಾಂಪೌಂಡ್ ಗೋಡೆಯ ಆದೇಶಕ್ಕೆ ಹಾಗೆ ಇಳಿಸಿದ್ದರು, ನೀರಿನ ಟ್ಯಾಂಕಿನದಕ್ಕೂ. ಇಳಿಸಿದವರು ಯಾರು? ಹೆಡ್ ಕ್ಲಾರ್ಕ್ ಮೋನಪ್ಪ. ಇಪ್ಪತ್ತೇಳು ವರ್ಷ ತಮ್ಮ ಕೈಯಾರೆ ನಕಲು ಮಾಡಿಯೂ, ಸ್ವಾಭಿಮಾನದ ಭರಾಟೆಯಲ್ಲಿ ಅವರಿಗೆ ಇದು ಕಂಡಿರಲಿಲ್ಲ.

ಶುಕ್ರವಾರ ಅವರು ನೋಟು ಬರೆದರು. ಮೇಲ್ಗಡೆ, ‘ಶಿಫಾರಸು ಮಾಡಲಾಗಿದೆ.’ ಆ ಎರಡು ಶಬ್ದಗಳನ್ನು ಬರೆಯಲು ಇಡೀ ಒಂದು ಚಹಾ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಶನಿವಾರದ ಮುಖಗಳ ಐಡಿಯಾ ಕಾರ್ಯದರ್ಶಿಯದೇ ಎಂದೂ ಒಪ್ಪಿ ಬರೆದರು. ಒಂಬತ್ತನೆಯ ಪ್ರಶ್ನೆಯಲ್ಲಿ ಪ್ರಿನ್ಸಿಪಾಲರ ಉತ್ತರದ ಕೆಳಗೆ, ‘ಹದಿನಾಲ್ಕು ನೋಡಿ.’ ಹದಿನಾಲ್ಕರಲ್ಲಿ:

‘ಪ್ರಯೋಗದ ಮೂರನೆಯ ದಿನ ಗಾಡಿಗಳು ತಡವಾದ ಕಾರಣ ಯಂತ್ರವು ಇನ್ನೂರ ಹದಿನೇಳು ವಿದ್ಯಾರ್ಥಿಗಳನ್ನು ಗುರುತಿಸಿಯೂ ಹೊರಗೆ ನಿಲ್ಲಿಸಿತು. ಯಂತ್ರಕ್ಕೆ ಮುಖ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಆದ್ದರಿಂದ ಯಂತ್ರವು ಚಾಲನೆಯಲ್ಲಿರುವಷ್ಟು ಕಾಲ, ವಿದ್ಯಾರ್ಥಿಗಳ ಮುಖಪರಿಚಯವೂ ಲೋಕಲ್ ಗಾಡಿಗಳ ತಿಳಿವಳಿಕೆಯೂ ಉಳ್ಳ, ಇದೇ ಗೇಟಿನಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವಿರುವ ಒಬ್ಬ ಸಿಬ್ಬಂದಿ ಸಣ್ಣ ಗೇಟಿನ ಕೀಲಿಯೊಂದಿಗೆ ಅದರ ಬಳಿ ಇರತಕ್ಕದ್ದು. ಯಂತ್ರ ಗುರುತಿಸದೆ ಅವರು ಗುರುತಿಸಿ ಬಿಟ್ಟವರ ಹೆಸರುಗಳಿಗೆ ಒಂದು ರಿಜಿಸ್ಟರ್ ಇಡತಕ್ಕದ್ದು. ಇವಿಲ್ಲದೆ ಈ ಶಿಫಾರಸು ಅನ್ವಯಿಸುವುದಿಲ್ಲ.’

ಧನರಾಜರು ಮೊದಲ ಸಾಲು ಓದಿ ಕುರ್ಚಿಯಿಂದಲೇ ಎದ್ದರು.

“ಫೈನಲಿ ಮೋನಪ್ಪನವರೇ! ಫೈನಲಿ! ನೀವೂ ಮಾಡರ್ನ್ ಆದ್ರಿ!”

“ಕೆಳಗೆ ಒಂದು ಷರಾ ಉಂಟು ಸರ್. ಒಮ್ಮೆ ಓದಿ.”

“ಓದ್ತೇನೆ, ಓದ್ತೇನೆ,” ಎಂದು ಧನರಾಜರು ಅದರ ಕೆಳಗೆ ಸಹಿ ಹಾಕಿದರು. “ನಿಮ್ಮ ಷರಾ ಅಂದರೆ ಪಾಯಿಂಟ್ ಇರ್ತದೆ. ಐ ಟ್ರಸ್ಟ್ ಯೂ.”

ಓದಿ ಎಂದು ಅವರು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಜನವರಿಯಲ್ಲಿ ಮಂಡಳಿಯ ಆದೇಶ ಬಂತು, ಷರಾದ ಒಂದಕ್ಷರವೂ ಬಿಡದೆ. ಅದನ್ನು ನಕಲು ಮಾಡಿದ್ದು ಮೋನಪ್ಪನವರೇ. ಮಾರ್ಚಿನಲ್ಲಿ ಹುದ್ದೆ ತೆಗೆಯಹೊರಟ ಧನರಾಜರಿಗೆ ಆದೇಶದ ಮೂರನೆಯ ಪುಟ ತೋರಿಸಿದಾಗ ಅವರು ಬಹಳ ಹೊತ್ತು ಓದಿದರು. “ಈ ಗೇಟಿನಲ್ಲಿ ಹತ್ತು ವರ್ಷ ಇದ್ದವರು ಎಷ್ಟು ಜನ ಇದ್ದಾರೆ?” ಎಂದು ಕೇಳಿದರು. ಉತ್ತರ ಅವರಿಗೂ ಗೊತ್ತಿತ್ತು. ಆ ವಾರವೆಲ್ಲ ಅವರು ಮೋನಪ್ಪನವರನ್ನು ಬರೀ ಇಂಗ್ಲಿಷಿನಲ್ಲಿ ಮಾತಾಡಿಸಿದರು.

ಏಪ್ರಿಲಿನಲ್ಲಿ ಹಾಜಿಮಲಂಗನ ಕಾಂಟ್ರ್ಯಾಕ್ಟ್ ಮತ್ತೆ ಹುಟ್ಟಿತು, ಈ ಸಲ ಉಚ್ಚರಿಸಲು ಅವನಿಗೆ ಎರಡು ಉಸಿರು ಬೇಕಾಗುವ ಒಂದು ಇಂಗ್ಲಿಷ್ ಪದನಾಮದೊಂದಿಗೆ. ಅವನು ಕೃತಜ್ಞತೆಯಿಂದ ಕರಗಿಹೋದನೆಂದು ಯಾರೂ ತಿಳಿಯಬೇಕಾಗಿಲ್ಲ.

“ಸಾಹೇಬ್ರ, ಒಳ್ಳೇದ ಮಾಡೀರಿ, ಗುಲಾಫಶಾನೂ ಹೇಳ್ಯಾಳ. ಆದ್ರ ಇದರ ಬಾಯಿ ಸ್ವಲ್ಪ ಬಂದ್ ಮಾಡಸ್ರಿ. ದಿನಾ ಸಾವಿರದ ನಾಕನೂರು ಸಲ ಥ್ಯಾಂಕ್ ಯೂ, ಥ್ಯಾಂಕ್ ಯೂ. ಕನಸಿನಾಗೂ ಅದ. ಮೊದಲ ಹುಡುಗ್ರು ಸಲಾಂ ಚಾಚಾ ಅಂತಿದ್ರು. ಈಗ ಅದರ ಮಾರಿ ನೋಡಿ ಹೋಗಿಬಿಡ್ತಾರ.”

ಮೋನಪ್ಪನವರು ಯಂತ್ರಕ್ಕೆ ಒಂದು ಸುತ್ತು ಬಂದು ಹುಡುಕಿದರು; ಬಾಯಿ ಮುಚ್ಚಿಸುವ ಗುಂಡಿ ಎಲ್ಲಿಯೂ ಇರಲಿಲ್ಲ.

ಹಸಿರು ಫೈಲಿಗೆ ಹನ್ನೆರಡನೆಯ ನೋಟನ್ನು ಅವರು ಸೇರಿಸಲಿಲ್ಲ. ಶನಿವಾರ ಧೂಳು ಹೊಡೆಯುವುದೂ ತಪ್ಪಿಹೋಗಿದೆ. ಆದರೆ ದಿನಾ ಬೆಳಿಗ್ಗೆ ಆರೂ ಐವತ್ತೈದಕ್ಕೆ ಅವರು ಗೇಟಿಗೆ ಬಂದು ಯಂತ್ರದ ಮುಂದೆ ಶಿಸ್ತಾಗಿ ನಿಲ್ಲುತ್ತಾರೆ. ಆ ಮಂಗಳವಾರ ಎಲ್ಲರ ಮುಖ ತುಂಬುವ ಭರದಲ್ಲಿ ತಮ್ಮದನ್ನು ತುಂಬಲು ಮರೆತಿದ್ದರು. ಯಂತ್ರದೊಳಗೆ ಇಂದಿಗೂ ಪೇಟ ವಾಲಿಸಿಕೊಂಡ ದಿವಾನರೇ ಇದ್ದಾರೆ. ಸರಿಮಾಡಿಕೊಡುತ್ತೇನೆ, ಎರಡು ನಿಮಿಷದ ಕೆಲಸ ಎಂದು ಯಕ್ಷಿತಾ ಮೂರು ಸಲ ಫೋನು ಮಾಡಿದಳು. ನಾಳೆ ನೋಡುವ ಎಂದು ಮೋನಪ್ಪನವರು ಮೂರು ಸಲವೂ ಹೇಳಿದರು. ರಿಜಿಸ್ಟರಿನಲ್ಲಿ ದಿನಕ್ಕೊಂದು ಹೆಸರಾದರೂ ಇರಬೇಕಲ್ಲ. ಖಾಲಿ ಪುಟಗಳನ್ನು ಕಂಡರೆ ಮಂಡಳಿಯವರಿಗೆ ಏನೇನೋ ಯೋಚನೆ ಬರುತ್ತದೆ.

“ಸಾರಿ,” ಎನ್ನುತ್ತದೆ ಯಂತ್ರ.

ಹಾಜಿಮಲಂಗ ತಲೆಯೆತ್ತದೆ ಸಣ್ಣ ಗೇಟಿನ ಕೀಲಿ ತಿರುಗಿಸುತ್ತಾನೆ. ರಿಜಿಸ್ಟರನ್ನು ಅವರತ್ತ ಸರಿಸುತ್ತಾನೆ.

“ಬರ್ರಿ. ಮೊದಲ ಸಹಿ ಮಾಡ್ರಿ, ಆಮೇಲೆ ಚಹಾ.”